ಗೋಡೆಗೆ ಮುಖ ಮಾಡಿದ್ದ ದಾರಿ

ಗಾಜು ಒಯ್ಯುವವರು ಬಸ್ಸಿನಲ್ಲಿ ಹಿಂದಿನ ಸೀಟು ಹಿಡಿಯಬಾರದು. ಎಪ್ಪತ್ತೆಂಟರ ಮಳೆಗಾಲದಲ್ಲಿ ಗದಗಿನಿಂದ ಡೋಣಿಗೆ ಹೊರಟಾಗ ನಾನು ಡ್ರೈವರನ ಬೆನ್ನಿಗೇ ಕೂತೆ; ಕೌದಿಯಲ್ಲಿ ಸುತ್ತಿದ ಗಾಜು ತೊಡೆಯ ಮೇಲೆ. ನನ್ನ ತಿಕೀಟು ಎರಡು ರೂಪಾಯಿ. ಲಗೇಜಿಗೂ ಬೇಕೆಂದ ಕಂಡಕ್ಟರನಿಗೆ "ಹಾಸಿಗಿಗೂ ತಿಕೀಟ ಏನೋ ತಮ್ಮಾ?" ಎಂದೆ. ನಕ್ಕು ಮುಂದೆ ಹೋದ.

ಬೆಟಗೇರಿಯಲ್ಲಿ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಡೋಣಿಯ ಹುಸೇನಬಿ ಎಂಬಾಕೆ, ಮನೆಯಲ್ಲಿರುವ ಜಪಾನಿ ಚಿತ್ರದ ಗಾಜು ಒಡೆದಿದೆ, ಬಂದು ಹಾಕಿಕೊಡಬೇಕು ಎಂದು ಹೇಳಿ ಕಳಿಸಿದ್ದಳು. ಜಪಾನಿ ಎಂದ ಕೂಡಲೇ ಅದನ್ನು ಕೊಂಡೇ ಬರಬೇಕೆಂದು ನಿಶ್ಚಯಿಸಿದ್ದೆ.

ಊರು ಮುಟ್ಟಿದಾಗ ನಡುಮಧ್ಯಾಹ್ನ. ಆದರೂ ಕಪ್ಪತಗುಡ್ಡ ಕಾಣುತ್ತಿರಲಿಲ್ಲ. ಮೋಡ ಹೊಲದ ಬದುವಿನವರೆಗೆ ಇಳಿದಿತ್ತು. ನಾಯಿಯ ಸಪ್ಪಳವೂ ಇರಲಿಲ್ಲ. ಹುಸೇನಬಿ ಗೋಡೆಯ ಮೇಲಿನ ಚಿತ್ರ ತೋರಿಸಿ ನೀರಿಗೆ ಹೋದಳು.

ಕಟ್ಟು ಬಿಚ್ಚಿದರೆ, ಯಾರೋ ಚಿತ್ರದ ಮುಖವನ್ನು ಗೋಡೆಗೆ ಮಾಡಿ, ಬೆನ್ನನ್ನು ಹೊರಗೆ ಕೂರಿಸಿದ್ದರು. ತೆಳು ಕಾಗದ, ಮರದ ಅಚ್ಚಿನಿಂದ ಒತ್ತಿದ ಬಣ್ಣ ಹಿಂಬದಿಗೂ ಇಳಿದಿತ್ತು. ಇಂಥದ್ದನ್ನು ಕೊಳ್ಳುವವರು ಮೊದಲು ಹಿಂಬದಿಯನ್ನೇ ನೋಡಬೇಕು; ಬಣ್ಣ ಇಳಿದಿರದಿದ್ದರೆ ನಕಲಿ, ಕೈ ಬಿಡಿ. ತಿರುವಿದೆ: ಹಳೆಯ ದಾರಿ, ಓರೆ ಮಳೆ, ಹುಲ್ಲಿನ ಟೊಪ್ಪಿಗೆಯ ಮೂವರು ಬಾಗಿ ನಡೆದಿದ್ದಾರೆ. ಒಬ್ಬರ ಮುಖವೂ ಕಾಣದು. ತಪ್ಪು ತಿದ್ದಿದ ಹೆಮ್ಮೆಯಲ್ಲಿ ಚಿತ್ರವನ್ನು ಸರಿಯಾಗಿ ಕೂರಿಸಿ, ಹೊಸ ಗಾಜು ಹಾಕಿ, ಕಟ್ಟಿನ ಬೆನ್ನಿಗೆ ಮೊಳೆ ಬಡಿದು ತೂಗುಹಾಕಿದೆ.

ಕೊಡ ಹೊತ್ತು ಬಂದ ಹುಸೇನಬಿ ಹೊಸ್ತಿಲಲ್ಲೇ ನಿಂತಳು. "ಅಣ್ಣಾರ, ಏನ್ ಮಾಡಿದ್ರಿ ಇದು? ತಿರುವ್ರಿ, ಮೊದಲ ತಿರುವ್ರಿ!"

ಹಡಗಿನಲ್ಲಿ ಅಡುಗೆಯವನಾಗಿದ್ದ ಆಕೆಯ ಗಂಡ ತಂದ ಚಿತ್ರವದು. ಅದನ್ನು ತೂಗುಹಾಕಿದ ಎಂಟನೆಯ ದಿನ ಮನೆ ಬಿಟ್ಟು ಹೋದವನು ಹದಿನಾರು ವರ್ಷವಾದರೂ ಬಂದಿರಲಿಲ್ಲ. ಚಿತ್ರವನ್ನು ಗೋಡೆಗೆ ತಿರುವಿಸಿದವಳು ಆಕೆಯೇ.

"ಹಿಂಗಿದ್ರ ಅವರು ಬಾಗಿಲದ ಕಡಿಗೆ ಹೊಂಟಾರ ನೋಡ್ರಿ. ಮನಿಯಾಗಿನ ಗಂಡಸರನ್ನ ಕರಕೊಂಡ ಹೋಗ್ತಾರ. ತಿರುವಿದ್ರ ಒಳಗ ಬರ್ತಾರ. ನನ್ನ ಮಗಾ ರಾಜೇಸಾಬ ಆಡು ಹೊಡಕೊಂಡು ಗುಡ್ಡಕ್ಕ ಹೋಗ್ಯಾನ್ರಿ!"

"ಅಷ್ಟು ಅಂಜಿಕಿ ಇದ್ರ ನನಗ ಕೊಡ್ರಿ ಅಕ್ಕಾ. ನೂರು ರೂಪಾಯಿ," ಎಂದೆ. ಅಂಜಿದವರ ಹತ್ತಿರ ಚೌಕಾಸಿ ಸುಲಭ.

ಆಗಲೇ ಆಡುಗಳು ಬಂದವು. ಹಿಂದೆ ಯಾರೂ ಇರಲಿಲ್ಲ. ಅಂಗಳದಲ್ಲಿ ಒದರದೆ ಗುಂಪಾಗಿ ನಿಂತು, ಬಂದ ದಾರಿಯನ್ನೇ ನೋಡತೊಡಗಿದವು. ಹುಸೇನಬಿ ಮಗನ ಹೆಸರು ಹಿಡಿದು ಕೂಗಿದಳು. ದಾರಿಯತನಕ ಓಡಿ ಮತ್ತೆ ಕೂಗಿದಳು.

ನಾನು ಮಾತು ಬಿಟ್ಟು ಇಕ್ಕಳ ಹಿಡಿದೆ. ಹನ್ನೆರಡು ಮೊಳೆ. ಕಿತ್ತು, ಕಾಗದ ತಿರುವಿ, ಮತ್ತೆ ಬಡಿದೆ. ಗೋಡೆಗೆ ತೂಗುಹಾಕಿ ಅಲ್ಲೇ ಕೂತೆ.

ಸ್ವಲ್ಪ ಹೊತ್ತಿಗೆ ರಾಜೇಸಾಬ ಬಂದ. ಇಪ್ಪತ್ತೆರಡರ ಗಟ್ಟಿ ಆಳು, ತೊಯ್ದು ತೊಪ್ಪೆಯಾಗಿದ್ದ.

"ಗೋಣಿಚೀಲದ ಕೊಪ್ಪಿ ಹಾಕ್ಕೊಂಡಾಂವ ಒಬ್ಬ ಮುಂದ ಹೊಂಟಿದ್ದ, ಅಮ್ಮಾ. ದಾರಿ ತಪ್ಪ್ಯಾನಂತ ಬೆನ್ನ ಹತ್ತಿದೆ. ಗುಡ್ಡ ಏರೇ ಏರತಾನ, ಕರೆದ್ರ ಓ ಅನ್ನವಲ್ಲ. ಆಮ್ಯಾಲೆ ಒಮ್ಮಿಗ್ಲೇ ತಿರುಗಿ ಊರ ದಾರಿ ಹಿಡದ. ನಾನೂ ಹಿಂದ ಬಂದೆ."

"ಈಗ ಎಲ್ಲದಾನ?" ಹುಸೇನಬಿಯ ದನಿ ಸಣ್ಣದಾಗಿತ್ತು.

"ನನಕಿಂತ ಮೊದಲ ಒಳಗ ಬಂದನಲ್ಲ?"

ನಾನು ಬಾಗಿಲಿಗೆ ಎದುರಾಗಿಯೇ ಕೂತಿದ್ದೆ. ಯಾರೂ ಬಂದಿರಲಿಲ್ಲ.

ಕೂಲಿ ಕೇಳಲಿಲ್ಲ. ಐದರ ಬಸ್ಸಿಗೆ ಬಿಟ್ಟು ಬರುತ್ತೇನೆಂದು ರಾಜೇಸಾಬ ನನ್ನ ಜೊತೆ ಅಂಗಳಕ್ಕೆ ಇಳಿದ. ನಾನು ಒಮ್ಮೆ ತಿರುಗಿ ನೋಡಿದೆ. ಹುಸೇನಬಿ ಗಂಡನೆದುರು ನಿಂತವಳಂತೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಯಾರೂ ಇಲ್ಲದ ಒಳಕೋಣೆಯ ಕಡೆಗೆ ಮೆಲ್ಲಗೆ ಕೇಳುತ್ತಿದ್ದಳು: "ಬಿಸಿ ರೊಟ್ಟಿ ಮಾಡ್ಲೇನ್ರಿ?"