ಕಾಕು ಹೊದೆಯದ ಚಾದರಗಳು

ಹೈದರಾಬಾದಿನ ಚಳಿ ಬಂದಷ್ಟೇ ಬೇಗ ಹೋಗಿಬಿಡುತ್ತದೆ. ಆದರೂ ನಮ್ಮ ಕಾಕು ಪ್ರತಿ ಜನವರಿಯಲ್ಲೂ ನಾಂಪಲ್ಲಿಯ ಎಕ್ಸಿಬಿಷನ್‌ನಿಂದ ಒಂದು ಸೋಲಾಪುರ ಚಾದರ ತರುತ್ತಿದ್ದಳು. ತಂದದ್ದನ್ನು ಮಡಿಕೆ ಬಿಚ್ಚದೆ ಟ್ರಂಕಿನಲ್ಲಿ ಇಡುತ್ತಿದ್ದಳು. ಹೊದೆಯಲು ಹಳೆಯ ಕೌದಿಯೇ ಆಗಬೇಕು.

ಕಾಕು ಎಂದರೆ ಅಪ್ಪನ ತಮ್ಮನ ಹೆಂಡತಿ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಮನೆಯಲ್ಲಿ ಮಾತೆಲ್ಲ ಕಾಕಾನದು, ನಗು ಅವಳದು. ಕಾಕಾ ಒಂದು ಮಧ್ಯಾಹ್ನ ಆಫೀಸಿನಲ್ಲೇ ಕುಸಿದು ತೀರಿಹೋದ. ಅಂದಿನಿಂದ ಕಾಕು ಊಟಕ್ಕೆ ಕರೆಯಲು, ಬಾಗಿಲು ಹಾಕಿಕೊಳ್ಳೆನ್ನಲು ಎಷ್ಟು ಬೇಕೋ ಅಷ್ಟೇ ಮಾತನಾಡುತ್ತಿದ್ದಳು.

ಮುಂದಿನ ಜನವರಿಯಲ್ಲಿ ನಾನೇ ಒತ್ತಾಯಿಸಿ ಅವಳನ್ನು ಮೊದಲ ಸಲ ಎಕ್ಸಿಬಿಷನ್‌ಗೆ ಕರೆದೊಯ್ದೆ. ಚಾದರದ ಅಂಗಡಿಯಲ್ಲಿ ಅವಳು ತನ್ನ ಹರಕುಮುರುಕು ಹಿಂದಿಯಲ್ಲಿ ಚೌಕಾಸಿ ಮಾಡಿದಳು. ಹೊಸಿಲು ದಾಟಿದರೆ ನಮಗೆಲ್ಲ ಹಿಂದಿಯೇ. ಅಂಗಡಿಯವರ ಹಿಂದಿಯೂ ಅಷ್ಟಕ್ಕಷ್ಟೇ. ಬೆಲೆ ಇಳಿಯದಿದ್ದಾಗ ನನ್ನತ್ತ ತಿರುಗಿ ಕನ್ನಡದಲ್ಲಿ ಅಂದಳು:

“ಮಾರಿ ನೋಡಿದ್ರ ದೇವರಂಥಾಂವ, ರೇಟ್ ಕೇಳಿದ್ರ ರಾಕ್ಷಸ.”

ಅವರು ತಲೆಯೆತ್ತದೆ ಚಾದರ ಮಡಚುತ್ತಲೇ ಹೇಳಿದರು: “ರಾಕ್ಷಸ ಇನ್ನೊಂದ್ ಸ್ವಲ್ಪ ಕಡಿಮಿ ಮಾಡ್ತಾನ್ರಿ. ಮೊದಲ ಕುಂದರ್ರಿ.”

ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಎಷ್ಟೋ ತಿಂಗಳ ಮೇಲೆ ನಾನು ಕೇಳಿದ ಅವಳ ನಗು ಅದು.

ಅಂಗಡಿಯ ಮಲ್ಲಿನಾಥರು ಸೋಲಾಪುರದವರು, ಅವರ ಹೆಂಡತಿಯೂ ತೀರಿಕೊಂಡಿದ್ದರು. ಆಮೇಲೆ ಪ್ರತಿ ವರ್ಷ ಅವರು ಸ್ಟೂಲ್ ಎಳೆದು ಕೊಡುವರು. ಇವಳು ಕೂತು ಕಾಕಾನ ಬಗ್ಗೆ, ಏರುವ ಬಿ.ಪಿ. ಬಗ್ಗೆ, ನನಗೂ ಹೇಳದ ಏನೇನೋ ಹೇಳುವಳು. ಹೋದ ವರ್ಷದ್ದು ಬೆಚ್ಚಗಿದೆಯೇ ಎಂದು ಅವರು ಕೇಳಿದರೆ ಭಾಳ ಬೆಚ್ಚಗೈತ್ರಿ ಎಂದು ಸುಳ್ಳು ಹೇಳುವಳು. ಹೊದೆಯುವುದಿಲ್ಲ ಯಾಕೆಂದು ನಾನೊಮ್ಮೆ ಕೇಳಿದೆ.

“ಹೊತ್ಕೊಂಡ್ರ ಬೇಕನಸ್ತೈತಿ,” ಅಂದಳು.

ಮಲ್ಲಿನಾಥರು ಕೊನೆಗೊಂದು ಜನವರಿ, ನನ್ನೆದುರೇ, ಸೋಲಾಪುರಕ್ಕೆ ಬಂದು ತಮ್ಮ ಜೊತೆ ಇರುತ್ತೀರಾ, ಲಗ್ನ ಆಗೋಣವೇ ಎಂದು ಕೇಳಿಬಿಟ್ಟರು. ಕಾಕು ಆ ವರ್ಷದ ಚಾದರ ಎತ್ತಿಕೊಂಡು ಎದ್ದಳು. ಮೆಟ್ರೋದಲ್ಲಿ ಮನೆ ತಲುಪುವವರೆಗೂ ಕಿಟಕಿಯಾಚೆ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದೆ. ಚಾದರ ಹೊದ್ದು ಚಹಾ ಕುದಿಸುತ್ತಿದ್ದಳು. ಅಂಚಿನಲ್ಲಿ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು. ಅಪ್ಪ ಬಾಗಿಲಲ್ಲಿ ನಿಂತು ನೋಡಿ, ಪೇಪರ್ ತರಲು ಹೋದರು.

“ನಿಮ್ಮ ಕಾಕಾಗ ಸಿಟ್ಟು ಬರ್ತೈತೇನವಾ?” ಎಂದು ಕಾಕು ಕೇಳಿದಳು.

ಅವಳು ಹೋದರೆ ಈ ಮನೆಯಲ್ಲಿ ನನ್ನನ್ನು ಮಗಳಂತೆ ‘ಅವಾ’ ಎನ್ನುವವರು ಯಾರೂ ಉಳಿಯುವುದಿಲ್ಲ.

“ನೀ ನಕ್ರ ಕಾಕಾಗ ಭಾಳ ಸೇರ್ತಿತ್ತು,” ಎಂದೆ.

ಚೀಟಿ ಕಿತ್ತು ಅವಳ ಕೈಗೆ ಕೊಟ್ಟೆ.

ಲಗ್ನವಾಗಿ ಸೋಲಾಪುರಕ್ಕೆ ಹೊರಟ ದಿನ ಸ್ಟೇಷನ್ನಿನಲ್ಲಿ ಅವಳು ಅಳಲಿಲ್ಲ, ನಾನೂ ಅಳಲಿಲ್ಲ. ಹೊದ್ದದ್ದೊಂದನ್ನು ಬಿಟ್ಟು ಚಾದರಗಳನ್ನೆಲ್ಲ ನನಗೇ ಬಿಟ್ಟುಹೋದಳು. ಈಗ ಅವರಿಬ್ಬರೂ ಸೋಲಾಪುರದಲ್ಲೇ ಅಂಗಡಿ ನಡೆಸುತ್ತಾರೆ, ಎಕ್ಸಿಬಿಷನ್‌ಗೆ ಬರುವುದಿಲ್ಲ. ಫೋನಿನಲ್ಲಿ ಅವಳು ಕರೆಯುತ್ತಲೇ ಇರುತ್ತಾಳೆ, ನಾನು ರಜೆ ಇಲ್ಲ ಎನ್ನುತ್ತೇನೆ.

ಈ ಜನವರಿಯಲ್ಲಿ ಮಾದಾಪುರದ ಆಫೀಸಿನಿಂದ ನೇರ ಎಕ್ಸಿಬಿಷನ್‌ಗೆ ಹೋದೆ. ಅದೇ ಜಾಗದಲ್ಲಿ ಬೇರೆ ಯಾರದೋ ಚಾದರದ ಅಂಗಡಿ. ಕ್ಯಾ ಹೋನಾ ಮೇಡಂ, ಏನು ಬೇಕೆಂದು ಅಂಗಡಿಯವ ಹುರುಪಿನಿಂದ ಕೇಳಿದ. ಒಂದು ಚಾದರ ಬಿಚ್ಚಿ ನೋಡಿ, ರೇಟ್ ಭಾಳ ಆತು ಎಂದು ಕನ್ನಡದಲ್ಲಿ ಹೇಳಿದೆ. ಅವನಿಗೆ ತಿಳಿಯಲಿಲ್ಲ. ನಾನು ಮಾತ್ರ ಇನ್ನೂ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದೆ.