ಎರಡು ಬೆರಳಿನ ಸಂದು

ದಿಗ್ಗೇವಾಡಿಯಿಂದ ಬೆಳಿಗ್ಗೆ ಏಳಕ್ಕೆ ಹೊರಟೆ. ಒಳ್ಳೆಯ ಚಳಿಯಿತ್ತು. ತಮ್ಮ ಭರಮು ತೀರಿ ಒಂದು ತಿಂಗಳಾಗಿತ್ತು. ಅವನ ಮೋಟಾರ್‌ಸೈಕಲ್ಲನ್ನು ನಿಪ್ಪಾಣಿಯಲ್ಲಿ ಮಾರಿ ಬಸ್ಸಿನಲ್ಲಿ ಮರಳಬೇಕೆಂದಿದ್ದೆ. ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ದಿನಾ ರಾಯಬಾಗಕ್ಕೆ ಹೋಗುತ್ತಿದ್ದವನು ರಸ್ತೆಯ ತಗ್ಗಿನಲ್ಲಿ ಬಿದ್ದಿದ್ದ. ಡಾಂಬರಿನ ಮೇಲೆ ಉದ್ದಕ್ಕೆ ಕರಿಗೆರೆ ಮೂಡಿತ್ತು. ಜೋರಾಗಿ ಬಂದು ಬ್ರೇಕ್ ಹಾಕಿದ್ದಾನೆ ಎಂದರು ಜನ.

“ಹೊತ್ತಾತು, ಲಗೂನ ಹೋಗ್ರಿ ಅಂತ ನಾನ ಅವಸರ ಮಾಡಿದ್ನಿ, ಭಾವಾರ,” ಎಂದು ಅವನ ಹೆಂಡತಿ ಪದ್ಮಾ ಅಂದೂ ಬಾಗಿಲಲ್ಲಿ ನಿಂತು ಅತ್ತಳು. ತಿಂಗಳಿಡೀ ಅವಳದು ಅದೊಂದೇ ಮಾತು.

ಹಿಂದಿನ ದಪ್ಪ ಟಯರ್ ನಾನು ತಂದದ್ದು. ಕಬ್ಬಿನ ಹೊಲದ ಕೆಸರಲ್ಲಿ ಜಾರದಿರಲೆಂದು ಗಾಡಿಯ ಅಳತೆಗಿಂತ ದೊಡ್ಡದನ್ನೇ ಹಾಕಿಸಿದ್ದೆ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಟಯರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಆಡಿಸಿ, ಸಂದು ಸಾಕೆಂದವನೂ ನಾನೇ. ಇಪ್ಪತ್ತು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೀಟು ಎಳೆದ ಮಾಸ್ತರನಿಗೆ ತನ್ನ ಮೇಲೆ ಅನುಮಾನ ಬರುವುದು ಕಡಿಮೆ. ಅದಾದ ಎಂಟನೇ ದಿನ ಭರಮು ಬಿದ್ದ.

ರಾಯಬಾಗದಲ್ಲಿ ಚುರಮುರಿ, ಮಿರ್ಚಿ ತಿಂದೆ. ಗಾಡಿ ಸುಸೂತ್ರವಾಗಿ ಓಡುತ್ತಿತ್ತು. ಚಿಕ್ಕೋಡಿ ಇನ್ನೂ ಐದಾರು ಮೈಲಿ ಇರುವಾಗ ಜೋಳದ ಚೀಲ ಹಿಡಿದ ಮುದುಕರೊಬ್ಬರು ಕೈ ಮಾಡಿದರು. ಹತ್ತಿಸಿಕೊಂಡೆ. ಮೊದಲ ತಗ್ಗಿಗೇ ಹಿಂದೆ ಗರ್ರೆಂದಿತು, ರಬ್ಬರು ಸುಟ್ಟ ವಾಸನೆ ಬಂತು.

“ಗಾಲಿ ಎಲ್ಲ್ಯೋ ಹಿಡ್ಯಾಕತ್ತೈತ್ರಿ,” ಎಂದರು ಮುದುಕರು.

ಇಳಿದು, ಸ್ಟ್ಯಾಂಡ್ ಹಾಕಿ ನೋಡಿದೆ. ಎರಡು ಬೆರಳು ಸರಾಗ ಹೋದವು. ಆದರೂ ಅವರನ್ನು ಮತ್ತೆ ಹತ್ತಿಸಿಕೊಳ್ಳಲು ಮನಸ್ಸಾಗಲಿಲ್ಲ. ಮುದುಕರನ್ನು ಚಿಕ್ಕೋಡಿಯ ಬಸ್ಸಿಗೆ ಹತ್ತಿಸಿ ಒಬ್ಬನೇ ಮುಂದೆ ಹೋದೆ.

ನಿಪ್ಪಾಣಿಯಲ್ಲಿ ಹಳೆ ಗಾಡಿ ಕೊಳ್ಳುವ ಮಿಸ್ತ್ರಿ ಬೆಲೆ ಹೇಳುವ ಮೊದಲು ಟಯರನ್ನೇ ನೋಡಿದ. ಸ್ಟ್ಯಾಂಡ್ ತೆಗೆದು ನನ್ನನ್ನು, ಪಕ್ಕದ ಅಂಗಡಿಯವನನ್ನು ಗಾಡಿಯ ಮೇಲೆ ಕೂರಿಸಿದ. “ಈಗ ಬೆರಳ ಹಾಕ್ರಿ, ಗುರೂಜಿ.” ಕೂತಲ್ಲಿಂದಲೇ ಬಗ್ಗಿ ಹಿಂದೆ ಕೈ ಚಾಚಿದೆ. ಒಂದು ಬೆರಳೂ ಹೋಗಲಿಲ್ಲ.

“ಸ್ಟ್ಯಾಂಡ್ ಮ್ಯಾಲ ಗಾಲಿ ಕೆಳಗ ಜೋತಿರತೈತ್ರಿ. ಮಂದಿ ಕುಂತು ವಜ್ಜಿ ಬಿದ್ದ ಮ್ಯಾಲ ನೋಡಬೇಕು. ಹಿಂಗ ತಗ್ಗಿಗೆ ಬಿದ್ರ ಗಾಲಿ ಗಪ್ಪನ ಹಿಡಕೋತೈತಿ,” ಎಂದ. ಮಡ್‌ಗಾರ್ಡಿನ ಒಳಗೆ ಬಣ್ಣ ಹೋಗಿ ತಗಡು ಹೊಳೆಯುತ್ತಿದ್ದುದನ್ನೂ ತೋರಿಸಿದ.

ಆ ಕರಿಗೆರೆ ಬ್ರೇಕಿನದಲ್ಲ, ಕ್ಯಾನಿನ ಭಾರಕ್ಕೆ ಹಿಡಿದ ಗಾಲಿಯದು. ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಅತ್ತೆ. ಮಿಸ್ತ್ರಿ ಚಹಾ ತರಿಸಿದ.

ಗಾಡಿ ಮಾರಲಿಲ್ಲ. ಮಾರಿ ಬಂದರೆ ಪದ್ಮಾ ಬದುಕಿರುವವರೆಗೂ ತನ್ನನ್ನೇ ಬೈದುಕೊಳ್ಳುತ್ತಾಳೆ. ಗಾಲಿ ತೋರಿಸಿಯೇ ಅವಳಿಗೆ ಹೇಳಬೇಕು ಎನಿಸಿತು. ಹಿಂತಿರುಗುವಾಗ ಒಬ್ಬನೇ ಇದ್ದೆ. ಚಿಕ್ಕೋಡಿ, ರಾಯಬಾಗ ದಾಟಿ ಊರು ಬರುವವರೆಗೆ ಟಯರ್ ಒಮ್ಮೆಯೂ ಸದ್ದು ಮಾಡಲಿಲ್ಲ.

ಸಂಜೆ ಪದ್ಮಾ ನೀರು ತಂದುಕೊಟ್ಟಳು. “ನಿನ್ನ ಅವಸರ ಅಲ್ಲವ್ವಾ. ನಾ ನೋಡಿದ್ದು ತಪ್ಪಾತು,” ಎಂದು ಗಾಲಿ ತೋರಿಸಿ ಎಲ್ಲ ಹೇಳಿದೆ. ಅವಳು ಬಗ್ಗಿ ಮಡ್‌ಗಾರ್ಡಿನ ಒಳಗೆ ಹೊಳೆಯುತ್ತಿದ್ದ ತಗಡನ್ನು ಮುಟ್ಟಿ ನೋಡಿದಳು.

“ಕ್ಯಾನ್ ಕಟ್ಟಿದ್ರ ಗಾಲ್ಯಾಗ ಸಪ್ಪಳ ಬರತೈತಿ ಅಂತ ಅವರು ಅಂತಿದ್ರು, ಭಾವಾರ. ಮಿಸ್ತ್ರಿಗೆ ತೋರಸ್ರಿ ಅಂದ್ನಿ. ಅಣ್ಣ ಕೈ ಹಾಕಿ ನೋಡ್ಯಾನ, ಇನ್ನೇನ್ ತೋರಸೂದು ಅಂದ್ರು.”