ಹೊಲ ಇದ್ದವರ ಮುಯ್ಯಿ

ಟಾರ್ನೀಟ್‌ನಲ್ಲಿ ನಮ್ಮ ಪಕ್ಕದ ಮನೆಯ ಲಂಕಾದ ಆಂಟಿ ನಿಮಗೆ ನೆನಪಿರಬೇಕು. ನಿಮ್ಮ ಪಾಲಿಗೆ ಕೊಬ್ಬರಿ ಮಿಠಾಯಿ ಆಂಟಿ. ಅವಳು ಮಗಳ ಜೊತೆ ವಿಮಾನದಲ್ಲಿ ಬಂದವಳು. ಮಗ ಆಮೇಲೆ ದೋಣಿಯಲ್ಲಿ ಬಂದ. ದೋಣಿಯಲ್ಲಿ ಬಂದವರನ್ನು ಈ ದೇಶದವರು ಒಳಗೆ ಬಿಡದೆ ದೂರದ ದ್ವೀಪದಲ್ಲಿ ಇಟ್ಟಿದ್ದರು. ನಿಮ್ಮಜ್ಜಿ ನಾನು ಕೊಳ್ಳೇಗಾಲದ ಕಡೆಯವಳು, ಅವಳ ತಮಿಳು ತಿಳಿಯುತ್ತಿತ್ತು. ಯಾರ ಮುಂದೆಯೂ ಬಾಯಿ ಬಿಡದ ನಾನು ಅವಳ ಹತ್ತಿರ ಮಾತ್ರ ಮಾತಾಡುತ್ತಿದ್ದೆ.

ದ್ವೀಪದಲ್ಲಿರುವವರಲ್ಲಿ ಕೆಲವರನ್ನು ಕರೆಸಿಕೊಳ್ಳಲು ನ್ಯೂಜಿಲೆಂಡ್ ಸಿದ್ಧವಿದೆ ಎಂದು ಒಂದು ದಿನ ಟಿವಿಯಲ್ಲಿ ಬಂತು. ಆ ದೇಶದವರು ಇಲ್ಲಿಗೆ, ಇಲ್ಲಿಯವರು ಅಲ್ಲಿಗೆ ಹೋಗಿ ಸಲೀಸಾಗಿ ಇದ್ದು ದುಡಿಯುತ್ತಾರೆ. ಅದಕ್ಕೆ ದೊಡ್ಡ ಕರಾರೇನೂ ಇಲ್ಲ, ನಂಬಿಕೆಯ ಮೇಲೆ ನಡೆದುಬಂದಿದೆ ಎಂದು ನಿಮ್ಮಪ್ಪ ಹೇಳಿದ್ದ. ನನಗೆ ನಮ್ಮೂರಿನ ಮುಯ್ಯಿ ನೆನಪಾಯಿತು. ನಮ್ಮ ರಾಗಿ ಕೊಯ್ಲಿಗೆ ಪಕ್ಕದ ಹೊಲದವರು, ಅವರ ಕೊಯ್ಲಿಗೆ ನಾವು. ಕೂಲಿಯಿಲ್ಲ, ಪತ್ರವಿಲ್ಲ, ತಪ್ಪಿಸಿದವರೂ ಇಲ್ಲ. ಅಂಥ ಸ್ನೇಹ ಗಟ್ಟಿ ಎಂದು ಅವಳಿಗೆ ಹೇಳಿದೆ. ಅವಳು ಅಲ್ಲಿಂದ ಮಗ ಇಲ್ಲಿಗೆ ಬಂದಾನೆಂದು ಹಿಂದಿನ ಕೋಣೆಗೆ ಹೊಸ ಹಾಸಿಗೆ ತರಿಸಿದಳು.

ಇಲ್ಲಿಯ ಸರ್ಕಾರ ಒಪ್ಪಲಿಲ್ಲ. ಸಿಡ್ನಿಯ ಚಾಟ್ಸ್‌ವುಡ್ ಆಫೀಸಿನಲ್ಲಿ ವಾರವೆಲ್ಲ ದುಡಿದು ಶುಕ್ರವಾರ ಮನೆಗೆ ಬಂದ ನಿಮ್ಮಪ್ಪನನ್ನು ಕೇಳಿದೆ, ಸ್ನೇಹಿತರು ಚಾಚಿದ ಕೈಯನ್ನು ಯಾಕೆ ತಳ್ಳಿದರು ಎಂದು.

"ಸ್ನೇಹಿತರಾಗಿರೋದಕ್ಕೇ ಕಣವ್ವ. ಅಲ್ಲಿ ಪೌರತ್ವ ಸಿಕ್ಕಿದ ಮೇಲೆ ಆ ಬಾಗಿಲಿಂದ ಇಲ್ಲಿಗೆ ಬಂದುಬಿಡ್ತಾರೆ ಅಂತ ಭಯ."

ಆಗ ಹೊಳೆಯಿತು. ಹೊಲವಿಲ್ಲದವರನ್ನು ನಮ್ಮೂರಲ್ಲೂ ಯಾರೂ ಮುಯ್ಯಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಅವರು ಬಂದು ದುಡಿದರೂ ನಾವು ಹೋಗಿ ತೀರಿಸಲು ಅವರಿಗೆ ಹೊಲವೆಲ್ಲಿ? ಹೊಲ ಇದ್ದವರು ಹೊಲ ಇದ್ದವರ ಕೈ ಬಿಡುವುದಿಲ್ಲ, ಅಷ್ಟೇ.

ಬೇಲಿಯ ಹತ್ತಿರ ನಿಂತು ನಿಮ್ಮಪ್ಪ ಹೇಳಿದ್ದನ್ನು ಅವಳಿಗೆ ತಿಳಿಸಿದೆ. ಕೈಯಲ್ಲಿದ್ದ ಬಟ್ಟಲನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು.

"ಹಾಗಾದರೆ ಅವರಿಬ್ಬರೂ ಜಗಳ ಆಡಿದರೆ ನನ್ನ ಮಗನನ್ನು ಬಿಡ್ತಾರಾ, ಅಕ್ಕಾ?"



ಆ ಬೇಸಿಗೆಯಲ್ಲಿ ಎರಡೂ ದೇಶಗಳ ಕ್ರಿಕೆಟ್ ಪಂದ್ಯ ಬಂತು. ನೀವು ಟಿವಿ ಮುಂದೆ ಕೂಗಾಡುತ್ತಿದ್ದಿರಿ. ಆಟದ ಗಂಧ ಗಾಳಿ ಇಲ್ಲದ ಅವಳೂ ಮಿಠಾಯಿಯ ಬಟ್ಟಲು ಹಿಡಿದು ಬಂದು ಸೋಫಾದ ತುದಿಗೆ ಕೂತಳು. ಬೌಲರ್ ಒಬ್ಬ ಬ್ಯಾಟ್ಸ್‌ಮನ್‌ಗೆ ಏನೋ ಬೈದಾಗ ಮುಂದೆ ಬಾಗಿ ನೋಡಿದಳು. ಆಟ ಮುಗಿದು ಎರಡೂ ಕಡೆಯವರು ಕೈ ಕುಲುಕಿ ಹೆಗಲ ಮೇಲೆ ಕೈ ಹಾಕಿಕೊಂಡರು. ಅವಳು ತನ್ನ ಬಟ್ಟಲು ತೆಗೆದುಕೊಂಡು ಎದ್ದು ಹೋದಳು.

ನಾವು ಪಾಯಿಂಟ್ ಕುಕ್‌ಗೆ ಮನೆ ಬದಲಾಯಿಸುವವರೆಗೂ ಅವಳು ಆ ಹಾಸಿಗೆಯ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ.